ಎರಡನೆಯ ಕಾರ್ಡು

ಏಳು ವರ್ಷ ಓಡಾಡಿದ್ದರೂ ಮಾಳಿಂಗಪ್ಪ ಆ ಮನೆಯ ಪಡಸಾಲೆ ದಾಟಿ ಒಳಗೆ ಹೋದವನಲ್ಲ. ಐವಾನ್-ಎ-ಶಾಹಿ ಬಡಾವಣೆಯ ವಾಸುದೇವರಾಯರಿಗೆ ಅವನು ಕಮಲಾಪುರದ ಕೆಂಪು ಬಾಳೆಹಣ್ಣು ತಂದರೆ ಹಣ್ಣು ನೇರವಾಗಿ ದೇವರ ಕೋಣೆಗೆ ಹೋಗುತ್ತಿತ್ತು. ತಂದವನು ಕುರ್ಚಿಯಲ್ಲೇ ಉಳಿಯುತ್ತಿದ್ದ. ಅವನ ಚಹಾದ ಸ್ಟೀಲ್ ಲೋಟಕ್ಕೆ ಕಿಟಕಿಯ ಬಳಿ ಬೇರೆಯೇ ಜಾಗವಿತ್ತು. ಕುಡಿದು, ತೊಳೆದು, ಅಲ್ಲಿ ಬೋರಲು ಹಾಕಬೇಕು. ಹಾಗೆ ಮಾಡೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಕಲಬುರಗಿಯಲ್ಲಿ ಅವನದೊಂದು ಸಣ್ಣ ಟ್ರಾವೆಲ್ಸ್ ಆಫೀಸು. ರಾಯರು ದುಬೈಯ ನೀರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಉಳಿತಾಯವನ್ನು ಅಲ್ಲಿಯ ಬ್ಯಾಂಕಿನಲ್ಲೇ ಬಿಟ್ಟು ಬಂದಿದ್ದರು. ಒಂದೇ ಖಾತೆ, ಒಳಗೆ ಮೂರು ಗಂಟು: ದಿರ್ಹಮ್, ಡಾಲರ್, ಯೂರೋ. ಡಾಲರ್ ಗಂಟು ಮುಪ್ಪಿಗೆ, ಉಳಿದೆರಡು ತಿರುಗಾಟಕ್ಕೆ. ಇದರ ಆ್ಯಪ್ ಇಳಿಸಿಕೊಟ್ಟವನು, ಯಾವ ಕರೆನ್ಸಿ ಯಾವಾಗ ಬದಲಾಯಿಸಬೇಕೆಂದು ಹೇಳಿಕೊಟ್ಟವನು ಮಾಳಿಂಗಪ್ಪ. ಆದರೂ ಮೊಮ್ಮಗನ ಮುಂಜಿಯಲ್ಲಿ ರಾಯರು ಅವನ ಬೆನ್ನು ತಟ್ಟಿ ಬೀಗರಿಗೆ ಪರಿಚಯಿಸಿದ್ದು ಹೀಗೆ: "ಇವ ನಮ್ಮ ಟಿಕೀಟ್ ಹುಡುಗ. ಭಾಳ ಚುರುಕ ಇದ್ದಾನ." ಹುಡುಗನಿಗೆ ಆಗಲೇ ನಲವತ್ತು ದಾಟಿತ್ತು. ಬೀಗರು ನಕ್ಕರು. ಅವನೂ ನಕ್ಕ. ಆ ನಗೆ ಮುಗಿಯುವ ಮೊದಲೇ ಅವನೊಳಗೆ ಏನೋ ತೀರ್ಮಾನವಾಗಿತ್ತು.

ಅವಕಾಶ ತಾನಾಗಿ ಬಂತು. ಗುರುತಿನ ದಾಖಲೆ ಹೊಸದು ಮಾಡಬೇಕು, ಖುದ್ದಾಗಿ ಬನ್ನಿ ಎಂದು ಬ್ಯಾಂಕು ತಿಳಿಸಿತು. ರಾಯರು ಹೆಂಡತಿ ಮುಕ್ತಾಬಾಯಿಯೊಂದಿಗೆ ಒಂದು ವಾರಕ್ಕೆ ಹೊರಟರು. ಅದೇ ವಾರ ಕಮಲಾಪುರ, ಮಹಾಗಾಂವ ಕಡೆಯ ಒಂದು ಗುಂಪನ್ನು ಮಾಳಿಂಗಪ್ಪ ದುಬೈಗೆ ಕರೆದೊಯ್ಯುವುದಿತ್ತು. ರಾಯರಿಗೆ ಊರ ನಡುವೆ ನುಗ್ಗಿದ ಕಡಲಿನ ಖಾಡಿಯ ಈಚೆಗಿನ ಬರ್ ದುಬೈಯಲ್ಲಿ ಹೋಟೆಲು ಹಿಡಿದ. ತನ್ನ ಗುಂಪನ್ನು ಆಚೆ ದಡದ ದೇರಾದಲ್ಲಿ ಇಳಿಸಿದ.

ಯೋಜನೆಯಲ್ಲಿ ಬೀಗ ಮುರಿಯುವಂಥದ್ದೇನೂ ಇರಲಿಲ್ಲ. ಒಂದು ಕಾರ್ಡು ಕಳೆದರೆ ಇನ್ನೊಂದಿರಲಿ ಎಂದು ಅವನೇ ತಿಂಗಳುಗಳ ಹಿಂದೆ ರಾಯರಿಂದ ಎರಡನೆಯ ಕಾರ್ಡಿಗೆ ಅರ್ಜಿ ಹಾಕಿಸಿದ್ದ. ಚಾಲೂ ಮಾಡುವ ನೆಪದಲ್ಲಿ ಅದರ ಪಿನ್ ತಾನೇ ಇಟ್ಟಿದ್ದ. ಕಾರ್ಡು ಪಡಸಾಲೆಯ ಕಪಾಟಿನ ಹಸಿರು ಫೈಲಿನಲ್ಲಿದೆ ಎಂದು ರಾಯರು ನಂಬಿದ್ದರು. ಅದು ಅವನ ಜೇಬಿನಲ್ಲಿತ್ತು. ಖರ್ಚಿನ ಸಂದೇಶಗಳು ಹೋಗುತ್ತಿದ್ದುದು ರಾಯರ ಊರಿನ ನಂಬರಿಗೆ. ಅದಕ್ಕೂ ಮದ್ದು ಅರೆದಿದ್ದ.

"ಊರಿನ ಸಿಮ್ ತಗದು ಡಬ್ಬ್ಯಾಗ ಇಡ್ರಿ ರಾಯರ, ನನ್ನ ದುಬೈ ಸಿಮ್ ಹಾಕ್ಕೊಳ್ರಿ. ರೋಮಿಂಗ್ ಬಿಲ್ ಬಂತಂದ್ರ ಮನಿ ಮಾರಬೇಕಾಗ್ತದ."

"ಮನಿ ಮಾರಿದ್ರ ನೀ ಎಲ್ಲಿ ಕೂತು ಚಹಾ ಕುಡೀತಿ?" ಎಂದು ರಾಯರು ನಗುತ್ತ ಸಿಮ್ ಬಿಚ್ಚಿಕೊಟ್ಟಿದ್ದರು.

ಬ್ಯಾಂಕಿನ ಕೆಲಸ ಶುಕ್ರವಾರವೇ ಮುಗಿಯುವಂತೆ ನೋಡಿಕೊಂಡ. ಆಮೇಲೆ ಖಾತೆಯನ್ನು ಯಾರೂ ತೆರೆದು ನೋಡುವುದಿಲ್ಲ. ಸೋಮವಾರ ಚಿನ್ನದ ನಾಣ್ಯಗಳ ಖರೀದಿ. ದಿರ್ಹಮ್ ಗಂಟು ಖಾಲಿಯಾದರೆ ಬ್ಯಾಂಕಿನ ಯಂತ್ರ ತಾನಾಗಿ ಡಾಲರ್ ಗಂಟಿಗೆ ಕೈಹಾಕುತ್ತದೆ, ಯಾರನ್ನೂ ಕೇಳುವುದಿಲ್ಲ. ನಾಣ್ಯಗಳನ್ನು ಮರುದಿನ ಬೇರೆ ಅಂಗಡಿಯಲ್ಲಿ ಮಾರಿದರೆ ಜಾಡು ಮುಗಿಯಿತು. ಖಾತೆದಾರ ಅದೇ ಊರಿನಲ್ಲಿದ್ದಾನೆ, ಪಿನ್ ಸರಿಯಾಗಿದೆ, ಕಾರ್ಡು ಅವನ ಮನೆಯಲ್ಲೇ ಸಿಗುತ್ತದೆ. ಯಾವ ಬ್ಯಾಂಕು ಇದನ್ನು ಕಳವು ಎನ್ನುತ್ತದೆ?

ಇಷ್ಟೇ ಸಾಕಾಗಿತ್ತು. ಆದರೆ ಮಾಳಿಂಗಪ್ಪ ಅರೆಬರೆ ಕೆಲಸ ಮಾಡುವವನಲ್ಲ. ಚಿನ್ನವೊಂದೇ ಒಂಟಿಯಾಗಿ ಕಂಡರೆ ಅನುಮಾನ ಬರಬಹುದು. ಅದರ ಪಕ್ಕದಲ್ಲಿ ರಾಯರದೇ ಎನ್ನಿಸುವ ಒಂದು ಸಣ್ಣ ಖರ್ಚು ಬೇಕು. ಅವರ ಹೋಟೆಲಿನ ಪಕ್ಕದ ಸಸ್ಯಾಹಾರಿ ಖಾನಾವಳಿಯನ್ನು ಆರಿಸಿದ. ನೌಕರಿಯ ಕಾಲದಲ್ಲಿ ರಾಯರು ಅಲ್ಲೇ ಉಣ್ಣುತ್ತಿದ್ದರು. "ದುಬೈದಾಗ ಮಡಿ ಬಿಟ್ಟಿದ್ದೆ, ಏಕಾದಶಿ ಬಿಟ್ಟಿದ್ದಿಲ್ಲ" ಎಂದು ಎಷ್ಟೋ ಸಲ ಹೇಳಿಕೊಂಡಿದ್ದರು. ಆ ಮಾತು ನೆನಪಾಗಿ ಅವನು ಆಫೀಸಿನ ಗೋಡೆಯ ಮೇಲಿದ್ದ, ಕಪನೂರಿನ ವರ್ಕ್‌ಶಾಪ್‌ನವರು ಹಂಚಿದ ಕ್ಯಾಲೆಂಡರ್ ನೋಡಿದ. ಏಕಾದಶಿ ಭಾನುವಾರ. ಸೋಮವಾರ ದ್ವಾದಶಿ. ಉಪವಾಸ ಮಾಡಿದವರು ಮರುದಿನ ಬೆಳಿಗ್ಗೆ ಬೇಗ ಉಂಡು ಪಾರಣೆ ಮಾಡುತ್ತಾರೆಂಬುದು ಅವನಿಗೆ ಗೊತ್ತಿತ್ತು. ಇದಕ್ಕಿಂತ ಒಳ್ಳೆಯ ಸಹಿ ಬೇಕೆ?

ಸೋಮವಾರ ಬೆಳಗಾಗುತ್ತಲೇ ದೋಣಿಯಲ್ಲಿ ಖಾಡಿ ದಾಟಿದ. ರಾಯರು ಎಲ್ಲಿ ಎದುರಾಗುತ್ತಾರೋ ಎಂದು ಅತ್ತಿತ್ತ ನೋಡುತ್ತ ನಡೆದ. ಎದುರಾದರೆ ಅವರನ್ನು ನೋಡಲೆಂದೇ ಬಂದೆ ಎನ್ನುವುದು. ಯಾರೂ ಬರಲಿಲ್ಲ. ಖಾನಾವಳಿಯಲ್ಲಿ ಇಬ್ಬರು ತಿನ್ನುವಷ್ಟಕ್ಕೆ ಹೇಳಿ ಒಬ್ಬನೇ ತಿಂದ, ಕಾರ್ಡು ಕೊಟ್ಟ. ಅಂಗಡಿಗಳ ಬಾಗಿಲು ತೆರೆದ ಮೇಲೆ ಚಿನ್ನ ಕೊಂಡ.

ರಾಯರು ಊರಿಗೆ ಮರಳಿದ ದಿನವೇ ದುಬೈ ಸಿಮ್ ಇಸಿದುಕೊಳ್ಳುವ ನೆಪದಲ್ಲಿ ಹೋಗಿ ಕಾರ್ಡನ್ನು ಹಸಿರು ಫೈಲಿನೊಳಗೆ ಸೇರಿಸಿ ಬಂದ. ಹಳೆಯ ಸಿಮ್ ಹಾಕಿದಾಗ ಸಂದೇಶ ಬಂತು: ಹನ್ನೆರಡು ಲಕ್ಷ ರೂಪಾಯಿಯಷ್ಟು ಡಾಲರ್ ಚಿನ್ನವಾಗಿ ಹೋಗಿತ್ತು. ರಾಯರು ದೂರು ಕೊಟ್ಟರು. ಬ್ಯಾಂಕು ಮಾಳಿಂಗಪ್ಪ ಅಂದುಕೊಂಡಂತೆಯೇ ಇದು ಕಳವಲ್ಲ ಎಂದಿತು.

ಅವನು ಲೆಕ್ಕ ಹಾಕದಿದ್ದ ಲಾಭ ಇನ್ನೊಂದಿತ್ತು. ಮನೆಯವರು ರಾಯರ ನೆನಪಿನ ಮೇಲೆಯೇ ಅನುಮಾನಪಟ್ಟರು. ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಮಂಜುಷಾ ತಂದೆಯನ್ನು ನರರೋಗದ ಡಾಕ್ಟರರ ಬಳಿ ಕರೆದೊಯ್ಯಲು ದಿನ ಗೊತ್ತುಮಾಡಿದ್ದಳು. ಆಮೇಲೆ ಖಾತೆಯೆಲ್ಲ ಅವಳ ಕೈಗೆ. ಸಹಾಯಕ್ಕೆ ಕರೆ ಬಂದಾಗ ಮಾಳಿಂಗಪ್ಪ ಹಣ್ಣು ಹಿಡಿದುಕೊಂಡೇ ಹೋದ.

ರಾಯರು ಕುಗ್ಗಿದ್ದರು. "ನಾ ಬಂಗಾರ ತಗೊಂಡಿಲ್ಲೋ ಮಾರಾಯಾ. ತಗೊಂಡು ಮರೀಲಿಕ್ಕೆ ಅದೇನು ಛತ್ರಿ ಏನು?"

"ಬಾಬಾ, ಹ್ವಾದ ವಾರ ಚಷ್ಮಾ ಹಣಿ ಮ್ಯಾಲ ಇಟಗೊಂಡು ಮನಿ ಎಲ್ಲಾ ಹುಡುಕಿದ್ರಿ," ಎಂದು ಮಂಜುಷಾ ಮೆಲ್ಲನೆ ಹೇಳಿದಳು.

"ಚಷ್ಮಾ ಬ್ಯಾರೆ, ಬಂಗಾರ ಬ್ಯಾರೆ!" ರಾಯರು ಕೂತಲ್ಲಿಂದ ಎದ್ದರು. "ನನಗ ಹುಚ್ಚ ಅಂತೀರೇನು ಎಲ್ಲಾರೂ?"

ಇನ್ನು ಒಂದೇ ಏಟು ಬಾಕಿ ಇತ್ತು. ಮಾಳಿಂಗಪ್ಪ ರಾಯರ ಫೋನು ತೆಗೆದುಕೊಂಡು ಆ್ಯಪ್‌ನಲ್ಲಿ ಸೋಮವಾರದ ಖರ್ಚು ತೆರೆದ. ದೊಡ್ಡ ಮೊತ್ತದ ಗಾಬರಿಯಲ್ಲಿ ಅದರ ಕೆಳಗಿನ ಸಣ್ಣದನ್ನು ಯಾರೂ ನೋಡಿರಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ್ರಿ ರಾಯರ. ಕಾರ್ಡ್ ನಿಮ್ಮ ಕೈಯಾಗೇ ಇತ್ತು. ಇಲ್ಲಿ ನೋಡ್ರಿ ಅಕ್ಕಾರ, ಅದೇ ಸೋಮವಾರ ಮುಂಜಾನಿ, ಇವರ ಹಳೇ ಖಾನಾವಳ್ಯಾಗ ಇಬ್ಬರ ನಾಷ್ಟಾದಷ್ಟು ಬಿಲ್. ಐತ್ವಾರ ಏಕಾದಶಿ ಮಾಡೀರಿ, ಸೋಮವಾರ ಪಾರಣಿ. ಕಳ್ಳ ಬಂದು ನಿಮ್ಮ ಪಾರಣಿ ಮಾಡ್ತಾನೇನ್ರೀ?"

ಒಳಬಾಗಿಲಲ್ಲಿ ನಿಂತಿದ್ದ ಮುಕ್ತಾಬಾಯಿ ಹೊಸ್ತಿಲು ದಾಟಿ ಪಡಸಾಲೆಗೆ ಬಂದರು.

"ಮಾಳಿಂಗಪ್ಪ, ಐತ್ವಾರ ನಮ್ಮ ಏಕಾದಶಿ ಅಂತ ನಿನಗ ಯಾರು ಹೇಳ್ಯಾರ?"

"ಯಾರ ಹೇಳಬೇಕ್ರೀ ಬಾಯಾರ? ನಮ್ಮ ಆಫೀಸ್ ಕ್ಯಾಲೆಂಡರ್‌ನಾಗೇ ಅದ."

ಮಂಜುಷಾ ತಂದೆಯ ಮುಖ ನೋಡಿದಳು, ಆಮೇಲೆ ಮಾಳಿಂಗಪ್ಪನದು. ಅವನ ಕೈಯಿಂದ ಫೋನು ತೆಗೆದುಕೊಂಡು, ಖಾನಾವಳಿಯ ನಂಬರು ಹುಡುಕುತ್ತ ಕೇಳಿದಳು: "ಬಾಬಾ, ಅವರ ಗಲ್ಲೇದ ಮ್ಯಾಲ ಕ್ಯಾಮೆರಾ ಅದ ಏನು?"

ಮುಕ್ತಾಬಾಯಿ ದನಿ ಏರಿಸದೆ ಹೇಳಿದರು. ಆ ಭಾನುವಾರ ಬೆಳಗಿನ ಜಾವಕ್ಕೆ ಹಿಂದಿನ ತಿಥಿ ದಶಮಿ ಇನ್ನೂ ಸೋಕಿತ್ತು. ಅಂಥ ಏಕಾದಶಿಯನ್ನು ಊರೆಲ್ಲ ಮಾಡಿದರೂ ವೈಷ್ಣವರ ಮನೆಯಲ್ಲಿ ಮಾಡುವುದಿಲ್ಲ. ಮಠದ ಪಂಚಾಂಗ ನೋಡಿ ಮರುದಿನ ಉಪವಾಸ ಹಿಡಿಯುತ್ತಾರೆ. ಭಾನುವಾರ ಅವರಿಬ್ಬರೂ ಉಂಡಿದ್ದರು, ಮಂಗಳವಾರ ಬೆಳಿಗ್ಗೆ ಪಾರಣೆ ಮಾಡಿದ್ದರು. ನಡುವಿನ ಸೋಮವಾರ, ಕಾರ್ಡು ಇಬ್ಬರ ನಾಷ್ಟಾದ ಬಿಲ್ಲು ಕೊಟ್ಟ ಹೊತ್ತಿಗೆ, ಗಂಡ ಹೆಂಡತಿ ಹೋಟೆಲಿನ ಕೋಣೆಯಲ್ಲಿ ಜಪಕ್ಕೆ ಕೂತಿದ್ದರು. ಮರುದಿನದ ಪಾರಣೆಯವರೆಗೂ ಒಂದು ಹನಿ ನೀರು ಅವರ ಗಂಟಲಿಗೆ ಇಳಿದಿರಲಿಲ್ಲ.