ಸಿಸ್ಟರ್‌ಗೆ ಮದುವೆ ಕೂಡದು

ಗೇಟಿಗೆ ಕೆಂಪು ಬಟ್ಟೆ ಕಟ್ಟಿದರೆ ಆ ಮನೆಯಲ್ಲಿ ಹೆರಿಗೆ ನೋವು ಶುರುವಾಗಿದೆ ಎಂದರ್ಥ. ಗಿಪ್ಸ್‌ಲ್ಯಾಂಡ್ ಎಂಬ ಕಾಡುಸೀಮೆಯ ನಮ್ಮ ಕಣಿವೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಅದಕ್ಕೇ ಹೆರಿಗೆ ಮಾಡಿಸುವ ನರ್ಸ್ ಐವಿ ಸಿಸ್ಟರ್ ಒಂದು ಗೇಟಿನ ಮೇಲೆ ಕೆಂಪು ಕಂಡದ್ದೇ ಕುದುರೆ ಓಡಿಸಿಕೊಂಡು ಬಂದು, ಬ್ಯಾಗ್ ಹಿಡಿದು ಆ ಗುಡಿಸಲಿಗೆ ನುಗ್ಗಿದಳು. ಒಳಗೆ ಮರ ಕಡಿಯುವ ಕ್ಲಾರಿ ಒಬ್ಬನೇ ಕೂತು ಆಲೂಗಡ್ಡೆ ಸುಲಿಯುತ್ತಿದ್ದ.

"ಬಸುರಿ ಎಲ್ಲಿ?"

"ಬಸುರೀನಾ? ನನಗಿನ್ನೂ ಮದುವೇನೇ ಆಗಿಲ್ವಲ್ಲ ಸಿಸ್ಟರ್!"

"ಮತ್ತೆ ಗೇಟಿನ ಮೇಲೆ ಕೆಂಪು?"

"ಅಯ್ಯೋ, ಅದು ನನ್ನ ಕಂಬಳಿ! ಒಗೆದು ಒಣಹಾಕಿದ್ದೆ. ನಾಯಿ ಮರಿ ಹಾಕಿದೆ, ಬೇಕಾದ್ರೆ ಅದನ್ನೇ ನೋಡಿ."

"ಇಷ್ಟು ದೂರ ಬಂದಿದೀನಿ. ಟೀ ಕೊಡದೆ ಕಳಿಸಿದ್ರೆ ನಿಮಗೇ ಹೆರಿಗೆ ಮಾಡಿಸ್ತೀನಿ."

ಅವನ ಕಿವಿ ಕಂಬಳಿಗಿಂತ ಕೆಂಪಾಯಿತು.

ಆಮೇಲೆ ಚರ್ಚಿನಲ್ಲಿ ಅವನು ಅವಳ ಟೋಪಿಯ ಅಂಚು ನೋಡುವನು, ಅವಳು ಅವನ ಕೂದಲಿಗಂಟಿದ ಮರದ ಹೊಟ್ಟು ನೋಡುವಳು. ಕಣ್ಣು ಕೂಡಿದರೆ ಇಬ್ಬರೂ ಪಾದ್ರಿಯನ್ನು ನೋಡುವರು. ಸೇಬು ಹೂಬಿಟ್ಟಾಗ ಅವನು ಕೇಳಿದ. ಅವಳು ಒಪ್ಪಿದಳು.

ಅವಳನ್ನು ಕೆಲಸಕ್ಕಿಟ್ಟಿದ್ದ ಊರ ಕಮಿಟಿ ಒಪ್ಪಲಿಲ್ಲ. ಮದುವೆಯಾದ ನರ್ಸ್ ಕೆಲಸ ಬಿಡಬೇಕೆಂಬುದು ನಿಯಮ. ಅದನ್ನು ಮಾಡಿದವರಲ್ಲಿ ಒಬ್ಬನೂ ಹೆತ್ತವನಲ್ಲ.

"ಮದುವೆಯಾದ ಹೆಂಗಸು ತನ್ನ ಮನೆ ನೋಡ್ಕೋಬೇಕಮ್ಮ," ಎಂದರು ಅಧ್ಯಕ್ಷ ಹ್ಯಾಡೋ, ಬಾಯಿಂದ ಪೈಪನ್ನೂ ತೆಗೆಯದೆ.

ಹೊರಗೆ ಬಂದು ಐವಿ ಹೇಳಿದಳು: "ಬಿಟ್ಟುಬಿಡ್ತೀನಿ ಕ್ಲಾರಿ. ಇವರ ಹಣೆಬರಹ ಇವರಿಗೆ."

ಹಿಂದೊಮ್ಮೆ ನರ್ಸ್ ಕೆಲಸ ಖಾಲಿ ಬಿದ್ದಿತ್ತು. ಈ ಕಾಡಿಗೆ ಬರುವವರಾರು? ಆಗಲೇ ಕ್ಲಾರಿಯ ತಂಗಿ ಮರ್ಟಲ್ ಚೊಚ್ಚಲ ಹೆರಿಗೆಯಲ್ಲಿ, ಪಟ್ಟಣದ ದಾರಿಯಲ್ಲಿ, ಗಾಡಿಯಲ್ಲೇ ರಕ್ತ ಹೋಗಿ ಸತ್ತಳು. ಅವಳ ಶವಪೆಟ್ಟಿಗೆಗೆ ಹಲಗೆ ಕೊಯ್ದವನು ಇವನೇ.

"ಬೇಡ ಕಣೇ. ನೀನು ಬಿಟ್ರೆ ಇನ್ನೊಬ್ಬ ಮರ್ಟಲ್ ಸಾಯ್ತಾಳೆ. ಆಮೇಲೆ ನಾವು ಹೇಗೆ ನಗೋದು?"

"ಹಾಗಾದ್ರೆ ನೀನಾದ್ರೂ ಇಲ್ಲೇ ಇರು. ಕಣ್ಣಿಗೆ ಕಾಣ್ತಿರು."

"ನಾನು ನಿನ್ನ ಬಾಗಿಲಲ್ಲಿ ನಿಂತ್ರೂ ನಿನ್ನ ಹೆಸರು ಕೆಡಿಸಿ ಕೆಲಸದಿಂದ ಓಡಿಸ್ತಾರೆ. ದೂರ ನಿಂತು ನೋಡೋ ಶಕ್ತಿ ನನಗಿಲ್ಲ ಐವಿ."

ದೂರದ ಉತ್ತರ ಸೀಮೆಯಲ್ಲಿ ಕಬ್ಬು ಕಡಿಯುವ ಕೆಲಸವಿತ್ತು.

ಅವನು ಹೊರಡುವ ಬೆಳಿಗ್ಗೆ ಅಂಗಡಿಯ ಮುಂದೆ ಅವನನ್ನು ಒಯ್ಯುವ ಲಾರಿ ನಿಂತಿತ್ತು; ಐವಿ ಬ್ಯಾಗ್ ಸಮೇತ ಬೀಳ್ಕೊಡಲು ಬಂದಿದ್ದಳು. ಆಗಲೇ ಹ್ಯಾಡೋ ಅವರ ಕಾರು ಧೂಳೆಬ್ಬಿಸಿಕೊಂಡು ಬಂತು. ಮುದುಕರು ಟೋಪಿ ಕೈಯಲ್ಲಿ ಹಿಡಿದು ಇಳಿದರು. "ಸಿಸ್ಟರ್, ನನ್ನ ಸೊಸೆಗೆ ನೋವು... ಬೇಗ ಬಾ ತಾಯಿ!"

"ಈಗ ನಾನು ಯಾರ ಮನೆ ನೋಡ್ಕೊಳ್ಳಲಿ, ಹೇಳಿ?"

ಹ್ಯಾಡೋ ಕಾರಿನ ಬಾಗಿಲು ತೆರೆದು ಹಿಡಿದರು.

ಕ್ಲಾರಿ ಅವಳ ಬ್ಯಾಗನ್ನು ಕಾರಿನಲ್ಲಿಟ್ಟು, ಅವಳ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದ. "ಹೋಗು. ಮಗು ಕಾಯಲ್ಲ."

"ನಾನು ಕಾಯ್ತೀನಿ," ಎಂದಳು ಐವಿ.

ಅವನು ಕಾರಿನ ಬಾಗಿಲು ಮುಚ್ಚಿ ಲಾರಿ ಹತ್ತಿದ.

ಹ್ಯಾಡೋ ಮನೆಯ ಅಡುಗೆಕೋಣೆಯಲ್ಲಿ ಬಿಸಿನೀರು, ಕಾರ್ಬಾಲಿಕ್ ಸೋಪು ಸಿದ್ಧವಿದ್ದವು. ಐವಿ ಅಂಗಿಯ ತೋಳು ಮಡಚಿದಳು. ಅಂಗೈಯಲ್ಲಿ ಇನ್ನೂ ಅವನ ಕೈಯ ಮರದ ರಾಳದ ವಾಸನೆಯಿತ್ತು. ಗುಡ್ಡದಾಚೆ ಲಾರಿಯ ಸದ್ದು ಕರಗುತ್ತಿತ್ತು. ಒಳಗೆ ಸೊಸೆ ಚೀರಿದಳು.

ತೊಳೆಯದ ಕೈಯಲ್ಲಿ ಹೆರುವವಳನ್ನು ಮುಟ್ಟುವಂತಿಲ್ಲ.

ಒಮ್ಮೆ ಅಂಗೈಗಳನ್ನು ಮುಖಕ್ಕೊತ್ತಿ ಉಸಿರೆಳೆದುಕೊಂಡು, ಐವಿ ಕೈ ಉಜ್ಜುವ ಬ್ರಷ್ ಎತ್ತಿಕೊಂಡಳು.