ಮೂರನೆಯ ಸನ್‌ರೂಫ್ ಗಾಜು

ನಾನು ಮಹದೇವಪುರದಲ್ಲಿ ಕಾರುಗಳಿಗೆ ಗಾಜು ಕೂರಿಸುವವನು. ಬಿಲ್ಡರ್ ನರೇಶ್ ತಮ್ಮ ದುಬಾರಿ ಎಸ್‌ಯುವಿಯ ಸನ್‌ರೂಫ್ ಗಾಜು ಬದಲಿಸಲು ಬಂದದ್ದು ಅದು ಮೂರನೆಯ ಸಲ.

"ತೆಂಗಿನಕಾಯಿ ಬಿತ್ತು ಗುರು," ಎಂದರು.

"ಕಾಯಿಗೂ ಮೂರು ಕಣ್ಣಲ್ವಾ ಸಾರ್, ನಿಮ್ಮನ್ನೇ ನೋಡ್ಕೊಂಡು ಬೀಳ್ತಿದೆ."

ಮೊದಲ ಸಲ ಈ ಗಾಜಿನ ಮೇಲೆ ಬಿದ್ದದ್ದು ಕಾಯಲ್ಲ, ಇವರ ಕಟ್ಟಡದಿಂದ ಬಿದ್ದು ಸತ್ತ ಗಾರೆ ಕೆಲಸದ ಭರಮಪ್ಪ. ಸೇಫ್ಟಿ ಬೆಲ್ಟ್ ಕೊಡದೆ ಅವನನ್ನು ಏಳನೇ ಮಹಡಿ ಹತ್ತಿಸಿದ್ದು ಇವರೇ ಎಂದು ಇಡೀ ಏರಿಯಾಗೆ ಗೊತ್ತು.

ಗಾಜು ಕೂರಿಸಿದೆ. ಮಟಮಟ ಮಧ್ಯಾಹ್ನದಲ್ಲೂ ಅದು ತಣ್ಣಗಿತ್ತು, ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು. ನರೇಶ್ ಒಳಗೆ ಕೂತರು. ಇನ್ನೊಬ್ಬರು ಹತ್ತಿದಂತೆ ಕಾರು ಮತ್ತಷ್ಟು ತಗ್ಗಿತು.

ತಲೆಯೆತ್ತಿದವರೇ, "ಮೇಲಿಂದ ಅವನ್ನ ಇಳ್ಸೋ," ಎಂದರು.

ಮೇಲೆ ಯಾರೂ ಇರಲಿಲ್ಲ.

ಅವರು ಕಾರು ಬಿಟ್ಟು ಓಡಿ ಆಟೋ ಹತ್ತಿದರು. ಕಾರು ಮೆಲ್ಲಗೆ ಮೇಲೆದ್ದಿತು. ಹೊರಟ ಆಟೋದ ರೆಕ್ಸಿನ್ ಟಾಪು, ಒಬ್ಬ ಮನುಷ್ಯ ಮಲಗಿದಷ್ಟು ಉದ್ದಕ್ಕೆ, ಒಳಕ್ಕೆ ಕುಸಿದಿತ್ತು.