ಉಜ್ಜಿದರೂ ಹೋಗದ ಕಪ್ಪು

"ಅಮ್ಮಾ, ಉರೀತಿದೆ!"

"ಉರೀಲಿ. ತಲೆ ಬಗ್ಗಿಸು."

ಬಚ್ಚಲಲ್ಲಿ ಕೂತಿದ್ದ ಚಿಣ್ಣಿ ತಲೆ ಬಗ್ಗಿಸಿದಳು. ಅಮ್ಮ ಲಾಂಡ್ರಿ ಬ್ರಷ್ಷಿನಿಂದ ಅವಳ ಕತ್ತು ಉಜ್ಜುತ್ತಿದ್ದಳು. ಅವಳ ಕತ್ತಿನ ಹಿಂದೆ ಕಪ್ಪು ಪಟ್ಟೆ ಕಾಣಿಸಿಕೊಂಡು ತಿಂಗಳುಗಳೇ ಆಗಿದ್ದವು. ಅಮ್ಮ ಲಾಂಡ್ರಿಯಲ್ಲಿ ಕಲೆ ತೆಗೆಯುವವಳು. ಶಾಯಿ, ಎಣ್ಣೆ, ತುಕ್ಕು, ಯಾವುದೂ ಅವಳ ಬ್ರಷ್ಷಿನ ಮುಂದೆ ನಿಂತದ್ದಿಲ್ಲ. ಅಂಥವಳ ಮಗಳ ಕತ್ತಿನಲ್ಲೇ ಕೊಳೆಯೇ? ದೀಪದ ಬುಡದಲ್ಲೇ ಕತ್ತಲು ಅಂತ ನಾಲ್ಕು ಜನ ನಗುವುದಿಲ್ಲವೇ?

"ದಿನಾ ಉಜ್ಕೋತೀನಮ್ಮ, ನಿಜವಾಗ್ಲೂ."

"ಗೊತ್ತಿಲ್ವಾ ನನಗೆ? ಎರಡು ಚೊಂಬು ನೀರು ಹುಯ್ಕೊಂಡು ಓಡಿಬರ್ತೀಯ."

ಅಮ್ಮನನ್ನು ನಂಬಿಸುವುದು ಹೇಗೆಂದು ಚಿಣ್ಣಿಗೆ ತಿಳಿಯಲಿಲ್ಲ. ಅಳು ಬಂತು. ಸೆಖೆಯಿದ್ದರೂ ಕತ್ತು ಕಾಣದಿರಲೆಂದು ಕೂದಲು ಇಳಿಬಿಟ್ಟುಕೊಂಡೇ ಶಾಲೆಗೆ ಹೋದಳು.

ಆ ವಾರ ಶಾಲೆಯಲ್ಲಿ ಹೆಲ್ತ್ ಚೆಕಪ್. ತೂಕ ನೋಡಿದ ನರ್ಸ್ ಕೂದಲು ಸರಿಸಿ ಕತ್ತನ್ನೂ ನೋಡಿದರು. ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಆಸ್ಪತ್ರೆಯಲ್ಲಿ ಅಮ್ಮನದೇ ಮೊದಲ ಮಾತು. "ಏನು ಹೇಳ್ಲಿ ಡಾಕ್ಟ್ರೇ, ಸ್ನಾನ ಅಂದ್ರೆ ಇವಳಿಗೆ ಸೋಮಾರಿತನ."

ಡಾಕ್ಟರಮ್ಮ ಹತ್ತಿಗೆ ಸ್ಪಿರಿಟ್ ಹಾಕಿ ಕತ್ತನ್ನು ಒರೆಸಿದರು. ಹತ್ತಿಯನ್ನು ಅಮ್ಮನ ಕೈಗೇ ಕೊಟ್ಟರು. ಅಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬೆಳ್ಳಗೇ ಇತ್ತು.

"ಕೊಳೆ ಅಲ್ಲ ಇದು. ಇನ್ನು ಉಜ್ಜಬೇಡಿ."

"ಮತ್ತೇನು?" ಅಮ್ಮನ ಧ್ವನಿ ಇಳಿಯಿತು.

ಡಾಕ್ಟರಮ್ಮ ಚಿಣ್ಣಿಯ ಕಡೆ ತಿರುಗಿದರು. "ತಿಂದದ್ದು ರಕ್ತದಲ್ಲಿ ಸಕ್ಕರೆ ಆಗುತ್ತೆ. ಅದನ್ನ ಮೈಯ ಜೀವಕೋಶಗಳೊಳಗೆ ಬಿಡೋಕೆ ಇನ್ಸುಲಿನ್ ಅನ್ನೋ ರಸ ಬಾಗಿಲು ತಟ್ಟುತ್ತೆ. ನಿನ್ನ ಮೈ ಒಂದೇ ಏಟಿಗೆ ಬಾಗಿಲು ತೆಗೀತಿಲ್ಲ ಅನ್ಸುತ್ತೆ. ಹಾಗಾದ್ರೆ ಇನ್ಸುಲಿನ್ ಜಾಸ್ತಿ ಆಗುತ್ತೆ, ಕತ್ತು ಕಪ್ಪಾಗುತ್ತೆ. ನಾಳೆ ಖಾಲಿ ಹೊಟ್ಟೇಲಿ ಬಾ, ರಕ್ತ ಪರೀಕ್ಷೆ ಮಾಡಿ ನೋಡೋಣ."

"ನಂದು ತಪ್ಪಾ?"

"ಇಲ್ಲ ಪುಟ್ಟಾ."

ಅಮ್ಮ ಹತ್ತಿಯನ್ನು ಇನ್ನೂ ಹಿಡಿದುಕೊಂಡೇ ಇದ್ದಳು.

ಎರಡು ದಿನಕ್ಕೆ ರಿಪೋರ್ಟ್ ಬಂತು. ಡಾಕ್ಟರಮ್ಮ ಅಂದುಕೊಂಡದ್ದೇ ಆಗಿತ್ತು. ಸಕ್ಕರೆ ಕಾಯಿಲೆ ಮಾತ್ರ ಬಂದಿರಲಿಲ್ಲ. ದಿನಾ ಚೆನ್ನಾಗಿ ಆಡಬೇಕು, ಬಾಟ್ಲಿ ಜ್ಯೂಸ್ ಬದಲು ನೀರು ಕುಡಿಯಬೇಕು, ಮೂರು ತಿಂಗಳು ಬಿಟ್ಟು ಮತ್ತೆ ಬರಬೇಕು ಎಂದರು.

ಮರುದಿನ ಬಚ್ಚಲಲ್ಲಿ ಅಮ್ಮನ ಕೈ ರೂಢಿಯಂತೆ ಬ್ರಷ್ಷಿನತ್ತ ಹೋಗಿ, ಅರ್ಧದಲ್ಲೇ ನಿಂತಿತು. ಬ್ರಷ್ಷನ್ನು ಒರೆಸಿ ಲಾಂಡ್ರಿ ಚೀಲಕ್ಕೆ ಹಾಕಿದಳು. ರೇಷ್ಮೆ ಬಟ್ಟೆ ತೊಳೆಯುವಂತೆ ಬರಿಗೈಯಲ್ಲಿ ಕತ್ತಿಗೆ ನೀರು ಹಾಕಿದಳು.

"ಉರೀತಿದ್ಯಾ?"

"ಇಲ್ಲ."

ಅಮ್ಮ ಸಾರಿ ಅನ್ನಲಿಲ್ಲ. ಅವಳ ಕೈ ಮಾತ್ರ ಬಹಳ ಹೊತ್ತು ಕತ್ತಿನ ಮೇಲೇ ಇತ್ತು. ಚಿಣ್ಣಿಗೆ ಅರ್ಥವಾಯಿತು.

ಶಾಲೆಗೆ ಹೊರಡುವಾಗ ಅವಳು ರಬ್ಬರ್ ಬ್ಯಾಂಡನ್ನು ಅಮ್ಮನ ಕೈಗೆ ಕೊಟ್ಟು ತಿರುಗಿ ಕುಳಿತಳು.

"ಮೇಲಕ್ಕೆ ಕಟ್ಟಮ್ಮ. ಸೆಖೆ."